ಡಾಕ್ಟರು ಹೇಳಿದ್ದು

ಹದಿಹರೆಯದ ಮಗಳು ಸಿಂಚನಾಳ ತೂಕ, ಸಕ್ಕರೆ ಎರಡೂ ಏರತೊಡಗಿದಾಗ ಪ್ರಮೀಳಾ ಅವಳ ತಟ್ಟೆಯಿಂದ ಅನ್ನವನ್ನೇ ತೆಗೆದಳು. "ತಿಂದೂ ತಿಂದೂ ಹೀಗಾಗಿದ್ದಾಳೆ" ಎಂದು ನೆಂಟರೆದುರೇ ಹಂಗಿಸಿದಳು. ಹುಡುಗಿ ಹಸಿದು ಸೋತಳೇ ಹೊರತು ಸಕ್ಕರೆ ಇಳಿಯಲಿಲ್ಲ.

ಡಾಕ್ಟರು ಸಿಂಚನಾಳನ್ನು ಹೊರಗೆ ಕೂರಿಸಿ ತಾಯಿಯನ್ನು ಕೇಳಿದರು, "ಮಗುವಾಗಿದ್ದಾಗ ಹಾಲು ಹೇಗೆ ಕೊಡ್ತಿದ್ರಿ?"

"ಪ್ಲಾಸ್ಟಿಕ್ ಬಾಟಲಿಲಿ. ಮೈಕ್ರೋವೇವ್ ಓವನ್ನಿನಲ್ಲಿಟ್ಟು ಅದರಲ್ಲೇ ಬಿಸಿ ಮಾಡ್ತಿದ್ದೆ."

"ಬಿಸಿಗೆ ಪ್ಲಾಸ್ಟಿಕ್‌ನ ರಾಸಾಯನಿಕ ಹಾಲಿಗೆ ಇಳಿಯುತ್ತೆ. ಖಚಿತವಾಗಿ ಹೇಳೋಕಾಗಲ್ಲ, ಅದೂ ಒಂದು ಕಾರಣ ಇರಬಹುದು. ನಿಮಗೆ ಆಗ ಗೊತ್ತಿರಲಿಲ್ಲ, ಬಿಡಿ. ಆದ್ರೆ ಹುಡುಗಿದೇನೂ ತಪ್ಪಿಲ್ಲಮ್ಮ. ಅವಳಿಗೆ ಹೊಟ್ಟೆ ತುಂಬ ಊಟ ಹಾಕಿ."

ಪ್ರಮೀಳಾ ಹೊರಬಂದಾಗ ಮಗಳು ಅವಳ ಮುಖವನ್ನೇ ನೋಡುತ್ತ ಎದ್ದು ನಿಂತಳು.

"ಡಾಕ್ಟರು ಏನಂದ್ರಮ್ಮ?"

"ಇನ್ನೂ ಕಮ್ಮಿ ತಿನ್ನಬೇಕಂತೆ."