ಏಳನೆಯ ಗುರುತು

ಟೈರ್ ಅಂಗಡಿಯ ಪಕ್ಕದ ಕಬ್ಬಿಣದ ಮೆಟ್ಟಿಲನ್ನು ಅವಳು ದಡದಡನೆ ಹತ್ತಿದಳು. ಕಂಕುಳಲ್ಲಿ ಸುರುಳಿ ಸುತ್ತಿದ ನಕ್ಷೆ. ಬಾಗಿಲಲ್ಲಿ ಕೂತಿದ್ದವನು ಹೆಸರು ಬರೆಸಿ ಎಂದ. ಅವನ ಪುಸ್ತಕವನ್ನು ಪಕ್ಕಕ್ಕೆ ತಳ್ಳಿ ಒಳಗೆ ನುಗ್ಗಿದಳು.

ಮೂವತ್ತು ಪ್ಲಾಸ್ಟಿಕ್ ಕುರ್ಚಿ, ಎಲ್ಲವೂ ಭರ್ತಿ. ಮೂರನೆಯ ಸಾಲಿನಲ್ಲಿ ಅವಳ ತಮ್ಮ. ಪಾದ ಊದಿಕೊಂಡು ಬೂಟು ಹಿಡಿಯದೆ, ಅದರ ಹಿಂಬದಿಯನ್ನು ತುಳಿದು ಹಾಕಿಕೊಂಡಿದ್ದ. ಅಕ್ಕನನ್ನು ಕಂಡವನೇ ತಲೆ ತಗ್ಗಿಸಿದ.

ಅವನ ಎರಡೂ ಕಿಡ್ನಿ ಕೈಕೊಟ್ಟು ವರ್ಷವಾಗಿತ್ತು. ಹೊಂದುವ ಕಿಡ್ನಿ ಸಿಗುವುದೇ ಅಪರೂಪ, ಇವನಿಗೆ ಸಿಕ್ಕಿತ್ತು. ಸೋಮವಾರ ಆಪರೇಷನ್. ಆಸ್ಪತ್ರೆಯಲ್ಲಿ ಎಲ್ಲ ಗೊತ್ತುಮಾಡಿ, ಅವಳು ಆಫೀಸಿಗೆ ಆರು ವಾರದ ರಜೆ ಬರೆದುಕೊಟ್ಟಿದ್ದಳು. ಇವತ್ತು ಬೆಳಿಗ್ಗೆ ಎದ್ದರೆ ಅಡುಗೆಮನೆಯ ಮೇಜಿನ ಮೇಲೆ ಈ ಸಭೆಯ ಕರಪತ್ರ, ಅದರಲ್ಲಿ ಗೆರೆ ಎಳೆದ ನಕ್ಷೆ, ಜೊತೆಗೆ ತಮ್ಮನ ಚೀಟಿ. ಆಪರೇಷನ್ ಬೇಡವಂತೆ. ಭೂಮಿಯ ಶಕ್ತಿರೇಖೆಯ ಏಳನೆಯ ಜಾಗವಾದ ಹಳೆಯ ಗುಡಿಯಲ್ಲಿ ಎರಡು ತಿಂಗಳು ಕೂತರೆ ತಾನಾಗಿಯೇ ವಾಸಿಯಾಗುತ್ತದಂತೆ. ಕೊನೆಗೊಂದು ಸಾಲು: ಸಿಟ್ಟು ಮಾಡ್ಕೋಬೇಡ. ಸಿಟ್ಟು ಮಾಡಿಕೊಳ್ಳಬಾರದಂತೆ! ಹಲ್ಲುಜ್ಜುವುದಕ್ಕೂ ಮೊದಲೇ ಅವಳ ಪಿತ್ತ ನೆತ್ತಿಗೇರಿತ್ತು.

ಅವನ ಹೆದರಿಕೆ ಅವಳಿಗೆ ಅರ್ಥವಾಗದ್ದೇನಲ್ಲ. ಅವರ ಅಮ್ಮ ಆಪರೇಷನ್ ಟೇಬಲ್ಲಿನ ಮೇಲೆಯೇ ಹೋದವಳು. ಅರಿವಳಿಕೆ ಕೊಟ್ಟಿದ್ದರು, ಎಚ್ಚರವಾಗಲೇ ಇಲ್ಲ. ಆಗ ಅವಳಿಗೆ ಇಪ್ಪತ್ತು, ಅವನಿಗೆ ಒಂಬತ್ತು. ಅಂದಿನಿಂದ ಅವನ ಹೊಟ್ಟೆ ಬಟ್ಟೆ ಸ್ಕೂಲು ಫೀಸು ಎಲ್ಲ ಅವಳದೇ. ಮೊನ್ನೆ ಡಾಕ್ಟರ ಎದುರು ಅವನು ಒಂದೇ ಮಾತನ್ನು ಎರಡು ಸಲ ಕೇಳಿದ್ದ: “ಎಚ್ಚರ ಆಗದೇ ಇದ್ರೆ?” ಡಾಕ್ಟರು ನಕ್ಕು ಧೈರ್ಯ ಹೇಳಿದ್ದರು. ಹೆದರಿಕೊಳ್ಳಲಿ, ಅಳಲಿ, ಬೇಕಾದರೆ ಅವಳ ಕೈ ಹಿಡಿದುಕೊಳ್ಳಲಿ. ಅದು ಬಿಟ್ಟು ಗೆರೆ ಎಳೆಯುವವನ ಮಾತು ಕೇಳಿ ಸಾಯುವುದೇ?

ಗೆರೆ ಎಳೆಯುವವರು ಗೋಡೆಯ ಪಕ್ಕ ಸೀಮೆಸುಣ್ಣ ಹಿಡಿದು ನಿಂತಿದ್ದರು. ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಜನ ಅವರನ್ನು ಗೆರೆ ಮೇಷ್ಟ್ರು ಎನ್ನುತ್ತಿದ್ದರು. ಗೋಡೆಯಲ್ಲೊಂದು ನಕ್ಷೆ. ಅದರಲ್ಲಿ ಬೆಟ್ಟದ ಗುಹೆ, ಬಿಸಿನೀರಿನ ಬುಗ್ಗೆ, ನಿಲುಗಲ್ಲುಗಳ ಸುತ್ತು, ಹೀಗೆ ಸಾವಿರಾರು ವರ್ಷ ಹಳೆಯ ಆರು ಪವಿತ್ರ ಜಾಗಗಳು. ಅವನ್ನೆಲ್ಲ ಮುಟ್ಟಿಕೊಂಡು ಒಂದು ಕೆಂಪು ದಾರ ನೇರವಾಗಿ ಹೋಗಿ, ಏಳನೆಯ ಗುರುತಿನ ಮೇಲೆ ಗುಂಡುಸೂಜಿಗೆ ಸುತ್ತಿಕೊಂಡಿತ್ತು.

ಅವಳು ನಕ್ಷೆ ಬರೆಯುವವಳು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ನಕ್ಷೆಯಲ್ಲಿ ಸಾವಿರ ಚುಕ್ಕೆ ಇದ್ದರೆ ಸ್ಕೇಲನ್ನು ಎಲ್ಲಿಟ್ಟರೂ ಆರು ಚುಕ್ಕೆ ತಾಗುತ್ತವೆ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಅವಳ ಮೈ ಉರಿಸಿದ್ದು ಆ ಆರಲ್ಲ, ಏಳನೆಯದು. ತನ್ನ ನಕ್ಷೆಯನ್ನು ಮೇಜಿನ ಮೇಲೆ ಬಿಚ್ಚಿ ಬೆರಳು ಕುಕ್ಕಿದಳು.

“ಈ ಗುಡಿ ಇಲ್ಲ ಮೇಷ್ಟ್ರೇ. ಯಾವತ್ತೂ ಇರಲಿಲ್ಲ. ಅಲ್ಲಿರೋದು ಬರೀ ಜೌಗು. ಈ ಗುರುತು ಹಾಕಿದವಳು ನಾನು.”

ಕುರ್ಚಿಗಳು ಕಿರ್ರೆಂದವು. ಅವಳು ಬಿಡಲಿಲ್ಲ. ನಕ್ಷೆ ಮಾಡುವವರ ಹಳೆಯ ಅಭ್ಯಾಸವನ್ನು ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದಳು. ಇಲ್ಲದ ಒಂದು ಜಾಗವನ್ನು ಯಾವುದೋ ಮೂಲೆಯಲ್ಲಿ ಬೇಕೆಂದೇ ತೋರಿಸಿಬಿಡುತ್ತಾರೆ. ಯಾರಾದರೂ ನಕ್ಷೆಯನ್ನು ಕದ್ದು ನಕಲು ಮಾಡಿದರೆ ಆ ಸುಳ್ಳೂ ಜೊತೆಗೆ ಹೋಗುತ್ತದೆ, ಕಳ್ಳ ಸಿಕ್ಕಿಬೀಳುತ್ತಾನೆ. ಹನ್ನೊಂದು ವರ್ಷದ ಹಿಂದೆ ಅವಳ ಪಾಲಿಗೆ ಬಂದ ಸುಳ್ಳು ಇದು. ಈಗ ಮೇಷ್ಟ್ರು ಸಿಕ್ಕಿಬಿದ್ದಿದ್ದರು. ಕದ್ದ ನಕ್ಷೆಯಿಂದ ಗುಡಿ ಹುಟ್ಟಿಸಿ, ಕಾಯಿಲೆಯವರನ್ನು ಜೌಗಿನಲ್ಲಿ ಕೂರಿಸಿ ಕೊಲ್ಲುತ್ತೀರಾ, ನಾಚಿಕೆಯಾಗುವುದಿಲ್ಲವೇ ಎಂದು ಬಾಯಿಗೆ ಬಂದಂತೆ ಬೈದಳು.

ಮೇಷ್ಟ್ರ ಮುಖ ಬಿಳಿಚಿಕೊಂಡಿತು. ಜಗಳವಾಡುವ ಪೈಕಿ ಅವರಲ್ಲ. ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡು ಮೆಲ್ಲಗೆ ಹೇಳಿದರು. ತಮ್ಮ ಹತ್ತಿರ ಇದ್ದದ್ದು ಆರೇ. ಆ ಆರಕ್ಕೂ ಜನ ಹೋಗಿಬಂದಿದ್ದಾರೆ, ಯಾರಿಗೂ ನೆಗಡಿ ಕೂಡ ವಾಸಿಯಾಗಿಲ್ಲ. ವಾಸಿಯಾಗುತ್ತದೆ ಎಂದು ತಾವು ಯಾರಿಗೂ ಹೇಳಿದವರೂ ಅಲ್ಲ.

“ಏಳನೇದನ್ನ ತಂದುಕೊಟ್ಟಿದ್ದು ನಿಮ್ಮ ತಮ್ಮ. ಕಳೆದ ವಾರ ಈ ನಕ್ಷೆ ಹಿಡ್ಕೊಂಡು ಬಂದ್ರು. ಅಲ್ಲಿ ಕೂತ್ರೆ ಗುಣ ಆಗುತ್ತೆ ಅಂದಿದ್ದೂ ಅವರೇ.”

ಅವಳು ತಮ್ಮನ ಕಡೆ ತಿರುಗಿದಳು. ಆಫೀಸಿನ ಹೊರಗೆ ಆ ಸುಳ್ಳು ಗುರುತಿನ ಗುಟ್ಟು ಒಬ್ಬನಿಗೆ ಮಾತ್ರ ಗೊತ್ತಿತ್ತು. ಹಾಕಿದ ದಿನವೇ ಊಟ ಬಡಿಸುತ್ತ ನಗುನಗುತ್ತ ಅವಳೇ ಹೇಳಿದ್ದಳು. ಅವನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ತಮ್ಮ ಎದ್ದು ಮೆಟ್ಟಿಲಿನ ಕಡೆ ನಡೆದ. ಅವಳು ಹಿಂದೆಯೇ ಹೋಗಿ ತೋಳು ಹಿಡಿದು ನಿಲ್ಲಿಸಿದಳು.

“ಅಲ್ಲಿ ಏನೂ ಇಲ್ಲ ಅಂತ ನಿಂಗೆ ಗೊತ್ತಿತ್ತಲ್ಲೋ. ಡಾಕ್ಟ್ರು ಬದುಕಿಸ್ತೀನಿ ಅಂತಿದ್ದಾರೆ. ಸೋಮವಾರ ಒಂದು ದಿನ ಕಣ್ಮುಚ್ಕೊಂಡು ಮಲಗೋಕಾಗಲ್ವಾ? ಅಷ್ಟೊಂದು ಪುಕ್ಕಲಾ ನೀನು?”

ಕೆಳಗೆ ಯಾರೋ ಟೈರಿಗೆ ಗಾಳಿ ತುಂಬುತ್ತಿದ್ದರು. ಅವನು ಆ ಸದ್ದು ನಿಲ್ಲುವವರೆಗೂ ಕಾದ.

“ನಂಗೆ ಹುಚ್ಚು ಹಿಡಿದಿದೆ ಅಂದ್ಕೊಂಡಾದ್ರೂ ಈ ಆಪರೇಷನ್ ಬಿಟ್ಟುಬಿಡ್ತೀಯ ಅಂತ ಹಿಂಗೆ ಮಾಡ್ದೆ. ಬೇರೆ ಯಾರದಾದ್ರೂ ಆಗಿದ್ರೆ ನಾಳೆನೇ ಹೋಗಿ ಮಲಗ್ತಿದ್ದೆ ಅಕ್ಕಾ. ಆ ಕಿಡ್ನಿ ನಿಂದು.”