ಕುರ್ಚಿಯಲ್ಲಿ ಕೂತವರ ಅಭಿಪ್ರಾಯ

ಗಡಿಯಾರ ರಿಪೇರಿ ಅಂಗಡಿಯ ಯಜಮಾನರ ಗಂಟಲ ಮೇಲೆ ಕತ್ತಿ ಇಟ್ಟುಕೊಂಡೇ ಕ್ಷೌರದಂಗಡಿಯವನು ಕೇಳಿದ, "ದೊಡ್ಡ ರಸ್ತೆಗೆ ಹೋಗಿಬಿಡೋದೇ ಸರಿ ಅಲ್ವಾ ಯಜಮಾನ್ರೇ? ಎಸಿ, ಗೋಡೆ ತುಂಬ ಕನ್ನಡಿ, ತಿರುಗೋ ಕುರ್ಚಿ. ಏನಂತೀರಿ?"

"ಹೂಂ ಹೂಂ" ಎಂದರು ಯಜಮಾನರು, ನೊರೆಯೊಳಗಿಂದ, ತುಟಿ ಅಲುಗಿಸದೆ.

"ಕೇಳಿಸ್ತಾ?" ಎಂದು ಅವನು ಮೂಲೆಯಲ್ಲಿ ಟವೆಲು ಮಡಚುತ್ತಿದ್ದ ಹೆಂಡತಿಯತ್ತ ತಿರುಗಿದ. ಕತ್ತಿ ಮಾತ್ರ ಇದ್ದಲ್ಲೇ ಇತ್ತು. "ಇವರೂ ಒಪ್ಪಿದ್ರು. ಇಡೀ ಬೀದಿ ಒಂದೇ ಮಾತು ಹೇಳ್ತಿದೆ."

ಬೀದಿಯವರು ಅವನನ್ನು ಐಡಿಯಣ್ಣ ಎಂದೇ ಕರೆಯುತ್ತಿದ್ದರು. ದಿನಕ್ಕೊಂದು ಐಡಿಯಾ, ಒಂದಕ್ಕೂ ತಲೆಬುಡವಿಲ್ಲ. ಒಮ್ಮೆ ಮಕ್ಕಳ ಕಟಿಂಗಿಗೆಂದು ಮರದ ಕುದುರೆ ತಂದಿಟ್ಟ. ಹತ್ತಿದ ಮಕ್ಕಳು ಇಳಿಯಲೊಲ್ಲೆವೆಂದು ರಂಪ ಮಾಡಿ, ಕುದುರೆ ಅಟ್ಟ ಸೇರಿತು. ಈ ಸಲ ಹಾಗಾಗಬಾರದು ಎಂದು ಭಾರಿ ಜಾಣತನ ಮಾಡಿದ್ದ. ಯಾವ ಯೋಚನೆ ಮೊದಲು, ಯಾವುದು ಆಮೇಲೆ ಎಂದು ಗಿರಾಕಿಗಳನ್ನೇ ಕೇಳಿ ತೀರ್ಮಾನಿಸುವುದು! ಕುರ್ಚಿಗೆ ಬಂದ ಒಬ್ಬರನ್ನೂ ಬಿಡದೆ ಕೇಳಿದ್ದ. ದೊಡ್ಡ ರಸ್ತೆಗೆ ಎಲ್ಲರೂ ಹೂಂ ಎಂದಿದ್ದರು. ಹಾಸಿಗೆ ಹಿಡಿದವರ, ವಯಸ್ಸಾದವರ ಮನೆಗೇ ಹೋಗಿ ಕ್ಷೌರ ಮಾಡಿಬರೋಣ ಎಂಬುದು ಹೆಂಡತಿಯ ಯೋಚನೆ. ಅದನ್ನೂ ಕೇಳಿದ್ದ, ಸುಳ್ಳು ಹೇಳಬಾರದು. "ನಮ್ಮವಳಿಗೊಂದು ಹುಚ್ಚು. ಬೇಡ ಅಲ್ವಾ?" ಎಂದು ಕೇಳಿದ್ದ. ಅದಕ್ಕೂ ಎಲ್ಲರೂ ಹೂಂ ಎಂದಿದ್ದರು.

ಹಾಗಾಗಿ ಅಪ್ಪನ ಕಾಲದಿಂದ ಅನ್ನ ಕೊಟ್ಟ ಈ ಅಂಗಡಿಯನ್ನು ಇವತ್ತು ಒಬ್ಬ ಮೊಬೈಲ್ ಅಂಗಡಿಯವನಿಗೆ ಬಿಟ್ಟುಕೊಡುವುದೆಂದು ಆಗಿತ್ತು. ಬೀಗದ ಕೈ ಇಸಿದುಕೊಳ್ಳಲು ಅವನು ಇನ್ನೇನು ಬರುವವನಿದ್ದ. ಅದನ್ನು ಕೊಟ್ಟರೆ ಮುಗಿಯಿತು. ನಾಳೆ ಅತ್ತು ಕರೆದರೂ ಈ ಜಾಗ ಮತ್ತೆ ಸಿಗುವುದಿಲ್ಲ.

ಕ್ಷೌರ ಮುಗಿಯಿತು. ಯಜಮಾನರು ಮುಖ ಒರೆಸಿಕೊಂಡು, ಕನ್ನಡಕ ಏರಿಸಿ, ಹೊಸ್ತಿಲು ದಾಟಿ, ಅಲ್ಲಿಂದ ಹಿಂದಿರುಗಿ ನೋಡಿದರು.

"ಲೋ ಮಾರಾಯ, ಹೋಗ್ಬೇಡ ಕಣೋ. ಆ ರಸ್ತೆ ದಾಟೋಕೆ ನನ್ನ ಮೊಣಕಾಲಿಗೆ ಆಗಲ್ಲ. ನಿನ್ನ ಹೆಂಡತಿ ಹೇಳಿದ್ದೇ ಚಿನ್ನದಂಥ ಮಾತು. ನಮ್ಮಣ್ಣ ಹಾಸಿಗೆ ಹಿಡಿದು ವರ್ಷ ಆಯ್ತು, ಗಡ್ಡ ಎದೆಗೆ ಬಂದಿದೆ. ಯಾರು ಬರ್ತಾರೆ ಹೇಳು?"

ಐಡಿಯಣ್ಣ ಒರೆಸುತ್ತಿದ್ದ ಕತ್ತಿ ಕೆಳಗಿಟ್ಟು ಬಾಗಿಲಿಗೆ ಬಂದ. "ಈಗ ತಾನೇ ಹೂಂ ಅಂದ್ರಲ್ರೀ!"

"ಅಲ್ಲಪ್ಪಾ, ಗಂಟಲ ಮೇಲೆ ಕತ್ತಿ ಇಟ್ಕೊಂಡು ಕೇಳಿದ್ರೆ ಯಾವ ಮಗ ಬೇಡ ಅಂತಾನೆ? ಬೇಡ ಅಂದ್ರೆ ನಿನಗೆ ಸಿಟ್ಟು, ಸಿಟ್ಟು ಬಂದ್ರೆ ನಿನ್ನ ಕೈ ನಡುಗುತ್ತೆ. ಬೀದಿಗೆಲ್ಲ ಗೊತ್ತಿರೋದೇ. ಜೀವ ಇದ್ರೆ ತಾನೇ ಅಭಿಪ್ರಾಯ?"

ಸರದಿಗೆ ಕಾಯುತ್ತಿದ್ದ ಟೈಲರ್ ಬೆಂಚಿನ ಮೇಲೆ ಕಿಸಕ್ಕೆಂದ. ಐಡಿಯಣ್ಣ ಅವನ ಮೇಲೆ ಹರಿಹಾಯ್ದ. "ನೀನೇನೋ ನಗೋದು? ಹೋದ ವಾರ ಭೇಷ್ ಅಂದೋನು ನೀನೇ!"

"ಆಗ ಕತ್ತಿ ಮೇಲ್ತುಟಿ ಹತ್ರ ಇತ್ತಲ್ಲಣ್ಣಾ" ಎಂದ ಟೈಲರ್, ನಗು ನುಂಗುತ್ತ. "ಮೀಸೆ ಉಳಿಸ್ಕೋಬೇಕಿತ್ತು."

ಐಡಿಯಣ್ಣ ತನ್ನ ಕುರ್ಚಿಯಲ್ಲಿ ತಾನೇ ಕುಸಿದು ಕೂತ. ಹೂಂ ಎಂದವರ ಮುಖಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಲ್ಲ ಮುಖಕ್ಕೂ ನೊರೆ, ಎಲ್ಲರ ಕಣ್ಣೂ ಅವನ ಕೈಯ ಮೇಲೆ. ಅಯ್ಯೋ, ಒಬ್ಬನೇ ಒಬ್ಬನನ್ನಾದರೂ ಕುರ್ಚಿಯಿಂದ ಇಳಿದ ಮೇಲೆ ಕೇಳಬಾರದಿತ್ತೇ? ಸದ್ಯ, ಬೀಗದ ಕೈ ಇನ್ನೂ ಜೇಬಿನಲ್ಲೇ ಇದೆ ಎಂದು ತಡವಿ ನೋಡಿಕೊಂಡ.

ಅಷ್ಟರಲ್ಲಿ ಮೊಬೈಲ್ ಅಂಗಡಿಯವನು ಬಾಗಿಲಲ್ಲಿ ನಿಂತು ಕೈ ಚಾಚಿದ. "ಅಣ್ಣಾ, ಕೊಡ್ತೀರಾ? ಪೇಂಟರ್ ಕಾಯ್ತಿದಾನೆ."

"ಒಂದ್ನಿಮಿಷ ಇರಪ್ಪಾ!" ಐಡಿಯಣ್ಣ ಎದ್ದು ಹೆಂಡತಿಯ ಬಳಿಗೆ ಓಡಿದ. ಊರೇ ಸುಳ್ಳು ಹೇಳಲಿ, ಇವಳು ಹೇಳುವವಳಲ್ಲ. ಇವಳಿಗೇನು ಗಡ್ಡವೇ, ಮೀಸೆಯೇ? "ನೋಡೇ, ನೀನೇ ಹೇಳು. ಕೊಡ್ಲೋ ಬೇಡ್ವೋ? ನಮ್ಮ ಹೊಟ್ಟೆಪಾಡು ಈ ಒಂದು ಮಾತಿನ ಮೇಲಿದೆ. ದೊಡ್ಡ ರಸ್ತೆಗೇ ಹೋಗೋದಾ?"

ಅವಳು ಮಡಚಿಟ್ಟ ಟವೆಲನ್ನು ಬಿಚ್ಚಿ ಮತ್ತೆ ಮಡಚಿದಳು.

"ಹೂಂ" ಎಂದಳು. "ನೀವು ಹೇಗೆ ಹೇಳಿದ್ರೆ ಹಾಗೆ."

"ಮತ್ತೆ ಹೂಂ! ಮನೆಮನೆಗೆ ಹೋಗೋಣ ಅಂದಿದ್ದು ನೀನೇ ಅಲ್ವೇನೇ? ಈಗ ಯಾಕೆ ಹೂಂ ಅಂತೀಯ?" ಅವನು ಎರಡೂ ಅಂಗೈ ಬಿಚ್ಚಿ ಅವಳ ಮುಂದೆ ಹಿಡಿದ. "ನೋಡು, ಖಾಲಿ ಕೈ! ಎಲ್ಲಿದೆ ಕತ್ತಿ?"

ಅವಳು ಆ ಅಂಗೈಗಳನ್ನು ನೋಡಿದಳು. ಆಮೇಲೆ ತಲೆಯೆತ್ತಿ ಅವನ ಮುಖ ನೋಡಿದಳು. ದನಿ ಸಣ್ಣಗೇ ಇತ್ತು, ಆದರೆ ಬಾಗಿಲಲ್ಲಿ ನಿಂತವನಿಗೂ ಕೇಳಿಸಿತು.

"ಮದುವೆಯಾದಾಗಿಂದ ಎಲ್ಲದಕ್ಕೂ ಹೂಂ ಅಂತಾನೇ ಬಂದಿದ್ದೀನಿ. ಮನೇಲಿ ಯಾವತ್ತು ರೀ ನಿಮ್ಮ ಕೈಲಿ ಕತ್ತಿ ಇತ್ತು?"