ಹೊಸ ಮೋಟರ್

ಡ್ರೈವರ್ ತಡವಿ ತಡವಿ ಕೀ ಹಾಕಿ ತಿರುಗಿಸಿದ. ಮನೆ ಮುಂದೆ ನಿಂತಿದ್ದ ಹಳೆಯ ಕಾರು ಟಿಕ್ ಎಂದು ಸುಮ್ಮನಾಯಿತು.

“ಬ್ಯಾಟರಿ ಚೆನ್ನಾಗಿದೆ ಯಜಮಾನ್ರೇ, ಸ್ಟಾರ್ಟರ್ ಮೋಟರ್ ಹೋಗಿದೆ,” ಎಂದ ಮೆಕ್ಯಾನಿಕ್.

“ಹೆಂಗಾದ್ರೂ ಮಾಡಿ ಇವತ್ತೇ ಹೊಸದು ಹಾಕಪ್ಪ. ನಾಳೆ ಮಕ್ಕಳನ್ನ ಸ್ಕೂಲಿಗೆ ಬಿಡ್ಲಿಲ್ಲ ಅಂದ್ರೆ ಅವರಪ್ಪ ಅಮ್ಮ ಬೇರೆ ಗಾಡಿ ನೋಡ್ಕೊಳ್ತಾರೆ. ನಮ್ಮ ಹೊಟ್ಟೆಪಾಡು ಇದೊಂದೇ.”

ಮೆಕ್ಯಾನಿಕ್ ಕಾರಿನಡಿ ಮಲಗಿ ಹೊಸ ಮೋಟರ್ ಕೂರಿಸಿದ. ಒಂದೇ ಸಲಕ್ಕೆ ಎಂಜಿನ್ ಸ್ಟಾರ್ಟ್ ಆಯಿತು. ಡ್ರೈವರ್ ಬಾನೆಟ್ಟಿಗೆ ಕೈಮುಗಿದು, ಚಕ್ರದಡಿ ಇಡಲು ನಿಂಬೆಹಣ್ಣು ತರಲು ಹೋದ.

ಅವನ ಹೆಂಡತಿ ಮನೆಯಿಂದ ಹೊರಗೆ ಬಂದಳು.

“ಅವರು ಬರೋದ್ರೊಳಗೆ ಹಳೇದನ್ನೇ ಹಾಕ್ಬಿಡಪ್ಪ. ನಿನ್ನ ಕಾಲಿಗೆ ಬೀಳ್ತೀನಿ.”

“ಯಾಕಮ್ಮ? ಈಗ ಸರಿ ಹೋಯ್ತಲ್ಲ.”

“ಮುಂದಿನ ಸೀಟಲ್ಲಿ ಕೂರೋ ಹುಡುಗಿ ಹೇಳಿದ್ಲು. ಸಿಗ್ನಲ್ ಕೆಂಪಿದೆಯೋ ಹಸಿರಿದೆಯೋ ಅಂತ ಅವಳನ್ನೇ ಕೇಳ್ತಾರಂತೆ.”